ಎತ್ತಿದ ಬೆರಳಿಗೆ ಅಪೀಲಿಲ್ಲ

ನ್ಯಾಯ ಹೇಳುವವನಿಗೆ ಬಾಯಿಗಿಂತ ಬೆರಳೇ ಹೆಚ್ಚು ತೊಂದರೆ ಕೊಡುತ್ತದೆ. ಸೌದಿಯ ಬುರೈದಾದಲ್ಲಿ ಖರ್ಜೂರದ ಗೋದಾಮಿನಲ್ಲಿ ಕೆಲಸಕ್ಕಿದ್ದ ನನಗೆ ಇದು ಮತ್ತೆ ಮತ್ತೆ ಆಗಿದೆ ಮಾರಾಯ್ರೆ.

೧. ಇಂಟರ್‌ನ್ಯಾಷನಲ್

ಸೌದಿಗೂ ಕ್ರಿಕೆಟ್ ತಂಡವಿದೆಯೆಂದು ಸೌದಿಯವರಿಗೇ ಗೊತ್ತಿಲ್ಲದ ಕಾಲದಲ್ಲಿ ನಾನು ಆ ತಂಡಕ್ಕೆ ಆಡಿದವ. ದುಡಿಯಲು ಬಂದ ನಮ್ಮಂಥವರೇ ಆಗ ತಂಡ. ಪಕ್ಕದ ದೇಶದ ಮೇಲೆ ಒಂದೇ ಮ್ಯಾಚು. ಮೊದಲ ಬಾಲಿಗೇ ಅಂಪೈರ್ ಬೆರಳೆತ್ತಿದ, ತಲೆ ತಗ್ಗಿಸಿ ಬಂದೆ. ಎಷ್ಟು ಹೊಡೆದಿರಿ ಅಂತ ಊರಿನಿಂದ ಹೆಂಡತಿ ಫೋನಿನಲ್ಲಿ ಕೇಳಿದಳು. ಪೂರ್ತಿ ಆಡಲು ಬಿಡಲಿಲ್ಲ ಅಂದೆ. ಸುಳ್ಳೇನಲ್ಲ.

೨. ಖಾಝಿ

ಮೊಣಕಾಲು ಹೋದ ಮೇಲೆ ಶುಕ್ರವಾರದ ಮ್ಯಾಚುಗಳಿಗೆ ನಾನೇ ಅಂಪೈರ್. ಆಮೇಲೆ ರೂಮಿನ ಜಗಳಗಳೂ ನನ್ನ ಬಳಿಗೇ ಬಂದವು, ಹೆಸರೂ ‘ಖಾಝಿ’, ಅಂದರೆ ನ್ಯಾಯಾಧೀಶ, ಅಂತಾಯಿತು. ಒಂದು ದಿನ ಉಡುಪಿಯ ಡ್ರೈವರ್ ಹುರಿದಿಟ್ಟ ಬಂಗುಡೆ ಮೀನು ಮಾಯ. ಪುತ್ತೂರಿನ ಎಲೆಕ್ಟ್ರಿಷಿಯನ್ನನ ಮೀಸೆಯಲ್ಲಿ ಮಸಾಲೆ. ಇಬ್ಬರೂ ಒಂದೇ ರೂಮಲ್ಲಿ ಮಲಗಬೇಕಾದವರು, ಎಂತ ಮಾಡುವುದು? ತಿಂದವನಿಗೆ ಬೆನಿಫಿಟ್ ಆಫ್ ಡೌಟ್, ಬಂಗುಡೆ ಮಾತ್ರ ಔಟ್ ಅಂತ ತೀರ್ಪು ಕೊಟ್ಟೆ.

೩. ಕಫೀಲ್

ಮಗಳ ಮದುವೆ ಗೊತ್ತಾದ ಸುದ್ದಿ ವಾಟ್ಸಾಪಿನಲ್ಲಿ ಬಂತು. ಮೂರು ತಿಂಗಳ ರಜೆ ಬೇಕಿತ್ತು. ನಮ್ಮ ವೀಸಾದ ಧಣಿ, ಕಫೀಲ್, ಸಹಿ ಹಾಕದೆ ದೇಶ ಬಿಡುವಂತಿಲ್ಲ. ಆ ಶುಕ್ರವಾರವೇ ಅವನಿಗೆ ಬ್ಯಾಟ್ ಹಿಡಿಯುವ ಆಸೆ ಬರಬೇಕೇ! ಕಾಲ್ಬೆರಳವರೆಗಿನ ಬಿಳಿ ನಿಲುವಂಗಿ, ತೋಬ್, ತೊಟ್ಟೇ ಬಂದು ನಿಂತ. ಅದರ ಹಿಂದೆ ಕಾಲೆಲ್ಲಿ, ವಿಕೆಟ್ ಎಲ್ಲಿ, ಒಂದೂ ಕಾಣದು. ಮೊದಲ ಬಾಲೇ ತೋಬಿಗೆ ಟಪ್ಪೆಂದು ಬಡಿಯಿತು. ಭಟ್ಕಳದ ಬೌಲರ್ ಅಪೀಲ್ ಮಾಡಿದ. ಮಗಳ ಮುಖ ಕಣ್ಣ ಮುಂದೆ ಬಂತು. ಆದರೆ ಅಭ್ಯಾಸದ ಬೆರಳು ಕೇಳಬೇಕಲ್ಲ, ಎದ್ದೇ ಬಿಟ್ಟಿತು.

ಕಫೀಲ್ ಬೆರಳು ನೋಡಿ ಅರಳಿದ. “ವಾಹಿದ್? ಒಂದು? ನಾನೇ ನಂಬರ್ ಒನ್ನಾ?”

ಹೌದೆಂದೆ. ಮತ್ತೆ ಸಂಜೆ ಮಸೀದಿಯ ಬಾಂಗ್ ಆಗುವವರೆಗೂ ಅವನು ಕ್ರೀಸ್ ಬಿಡಲಿಲ್ಲ. ಔಟಾದಾಗಲೆಲ್ಲ ನಾನು ಬೆರಳೆತ್ತಿದೆ, ಎತ್ತಿದಾಗಲೆಲ್ಲ ಅವನು ಎದೆಮೇಲೆ ಕೈಯಿಟ್ಟು ಶುಕ್ರನ್, ಅಂದರೆ ಥ್ಯಾಂಕ್ಸ್, ಅಂದ.

ಆ ಖುಷಿಯಲ್ಲೇ ರಜೆಗೆ ಸಹಿ ಹಾಕಲು ಪೆನ್ನು ತೆಗೆದ. ಮೂರು ತಿಂಗಳು ಅಂದೆ. ಅವನು ನಗುತ್ತಾ, ನನ್ನ ಹಾಗೆಯೇ ನಿಧಾನಕ್ಕೆ ಬೆರಳೆತ್ತಿದ.

“ಖಾಝಿ, ವಾಹಿದ್.”

ಒಂದೇ ತಿಂಗಳು. ಅಪೀಲು ಯಾರಿಗೆ ಮಾಡುವುದು? ತಲೆ ತಗ್ಗಿಸಿ ಪೆವಿಲಿಯನ್ನಿಗೆ, ಅಂದರೆ ಊರಿಗೆ, ಹೊರಟೆ.