ಬೆನ್ನಿಗೆ ಸಿಗಿಸಿದ ಎರಡನೇ ಕೋಲಿನ ಸಂಬಂಧ

ಹುನಗುಂದ ತಾಲೂಕು, ಹೊಳೆದಂಡೆಯ ನಮ್ಮ ಊರು,
ದೀಪಾವಳಿ ಪಾಡ್ಯ ಕಳೆದ ವಾರ, ೧೯೮೩

ಮಾನ್ಯರೇ,

ಮೀನುಗಾರರ ಸಹಕಾರ ಸಂಘದ ಅಧ್ಯಕ್ಷರೂ, ಹಾಲಿನ ಸಂಘದ ಉಪಾಧ್ಯಕ್ಷರೂ, ಪ್ರೌಢಶಾಲೆಯ ಕಟ್ಟಡ ಸಮಿತಿಯ ಕಾರ್ಯದರ್ಶಿಗಳೂ, ನೇಕಾರರ ಸಂಘದ ಮಾರ್ಗದರ್ಶಕರೂ, ಇವೆಲ್ಲ ಆಗುವುದಕ್ಕಿಂತ ಬಹಳ ಮೊದಲಿನಿಂದ ನನ್ನ ಅಕ್ಕ ಮಾಯವ್ವನ ಮಗನೂ ಆಗಿರುವ ಶ್ರೀ ಕನಕಪ್ಪನವರ ಸನ್ನಿಧಿಗೆ, ಮಲಪ್ರಭೆಯ ದಂಡೆಯಿಂದ ಸೋದರಮಾವ ಅಮಸಿದ್ದಪ್ಪ ಒದ್ದೆ ಧೋತರದಲ್ಲಿಯೇ ಕೈಮುಗಿದು ಬರೆದುಕೊಂಡ ವಿನಂತಿ.

ಮೊದಲಿಗೆ ಎಲ್ಲರ ಕ್ಷೇಮ. ಅಕ್ಕ ಮಾಯವ್ವನ ಕೆಮ್ಮು ಈ ಚಳಿಗೆ ಹೇಗಿದೆ? ರಾತ್ರಿ ಓಮದ ಕಷಾಯ ಕುಡಿಯಲು ಹೇಳಿರಿ, ಸಕ್ಕರೆ ಕೇಳಿದರೆ ಕೊಡಬೇಡಿರಿ. ತಮ್ಮ ಮನೆಯವರಾದ ರಂಗವ್ವನ ತಲೆಶೂಲೆ ಕಡಿಮೆಯಾಯಿತೇ? ಹಣೆಯ ಮೇಲೆ ಬಿಳಿ ಚುಕ್ಕೆಯ ಎಮ್ಮೆ ಈದಿತೇ? ತಮ್ಮ ಮೋಟಾರ್ ಸೈಕಲ್ಲು ಅಮೀನಗಡದ ಏರಿನಲ್ಲಿ ಕೆಮ್ಮುತ್ತಿತ್ತೆಂದು ಕೇಳಿದೆ, ಅದಕ್ಕೂ ಗುಣವಾಗಲಿ. ಇಲ್ಲಿ ನಿಮ್ಮ ಅತ್ತಿ ಹನಮವ್ವ ಗಟ್ಟಿಯಾಗಿದ್ದಾಳೆ, ಅವಳ ಬಾಯಿ ಅವಳಿಗಿಂತ ಗಟ್ಟಿಯಾಗಿದೆ. ಗೌಸಸಾಬ ಹೇಗಿದ್ದಾನೆ ಎಂದು ತಾವು ಕೇಳಿದ್ದರೆ ಅದನ್ನೂ ಇಲ್ಲಿಯೇ ಬರೆದು ಮುಗಿಸುತ್ತಿದ್ದೆ. ತಾವು ಕೇಳಲಿಲ್ಲ, ಆದ್ದರಿಂದ ಪತ್ರ ಇಷ್ಟು ಉದ್ದವಾಯಿತು.

ಇದನ್ನು ಲಕೋಟೆಯಲ್ಲಿ ಹಾಕಿ ಅಂಟಿಸದೆ ಒಂದು ಪ್ರತಿಯನ್ನು ಚಾವಡಿಯ ಗೋಡೆಗೆ ಹಚ್ಚಿ, ಇನ್ನೊಂದನ್ನು ಬಾಗಲಕೋಟೆಯ ವಾರಪತ್ರಿಕೆಗೆ ಕಳಿಸಿದ್ದಕ್ಕೆ ತಾವು ಸಿಟ್ಟಾಗಬಾರದು. ನಾನು ಸಾಲಿಯ ಮೆಟ್ಟಿಲು ಹತ್ತಿದವನಲ್ಲ. ಬೆಲ್ಲ ಕಟ್ಟಿಕೊಟ್ಟ ಹಳೆಯ ಪೇಪರು ಓದಿ ಅಕ್ಷರ ಕಲಿತವನು, ಹೀಗಾಗಿ ಪೇಪರಿನಲ್ಲಿ ಬಂದದ್ದೆಲ್ಲ ದೊಡ್ಡವರ ಕಣ್ಣಿಗೆ ಬೀಳುತ್ತದೆ ಎಂಬ ನಂಬಿಕೆ ನನಗೆ ಇನ್ನೂ ಹೋಗಿಲ್ಲ. ಅಂಟಿಸಿದ ಪತ್ರಗಳನ್ನೂ ಬರೆದು ನೋಡಿದೆ. ಅವು ತಮ್ಮ ಯಾವ ಕುರ್ಚಿಗೆ ಮುಟ್ಟಿದವೋ ತಿಳಿಯಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೊಳೆಗಿಳಿಯುವ ದಾರಿಯಲ್ಲಿ, ಜಾಲಿಯ ಗಿಡದ ಹತ್ತಿರ ತಮ್ಮ ಸಂಘದವರು ನೆಟ್ಟಿರುವ ಹಳದಿ ಬೋರ್ಡನ್ನು ನಾನು ಚಪ್ಪಲಿ ಕಳೆದು ನಿಂತು ಓದಿದ್ದೇನೆ. ‘ಹೊಳೆಯಲ್ಲಿ ಇಳಿದು ಮೀನು ಹಿಡಿಯುವವರು ತಲೆಗೆ ಒಂದೇ ಗಾಳದ ಕೋಲು ಇಟ್ಟುಕೊಳ್ಳತಕ್ಕದ್ದು. ಹೆಚ್ಚಿನ ಕೋಲನ್ನು ಜಪ್ತಿ ಮಾಡಲಾಗುವುದು. ಇದು ಜೀವರಕ್ಷಣೆಗಾಗಿ ಮತ್ತು ಸಮಾನತೆಗಾಗಿ.’ ಎಂಥ ಮಾತು! ನಮ್ಮ ಜೀವದ ಬಗ್ಗೆ ಇಷ್ಟು ಕಾಳಜಿ ಮಾಡಿದವರು ಹಿಂದೆ ಯಾರೂ ಇರಲಿಲ್ಲ. ಸಮಾನತೆಯೂ ಅಷ್ಟೇ. ಆ ಬೋರ್ಡಿನ ಕೆಳಗೆ, ಹೊಳೆಯ ಈ ದಂಡೆಯ ಗೂಟದಿಂದ ಆ ದಂಡೆಯ ಗೂಟದವರೆಗೆ ತಮ್ಮ ಷಡ್ಡಕರು ಬಲೆ ಕಟ್ಟಿದ್ದಾರೆ. ಅದರಲ್ಲಿ ಹೆಬ್ಬೆರಳಷ್ಟು ಮರಿಯೂ ತಪ್ಪಿಸಿಕೊಳ್ಳುವುದಿಲ್ಲ. ಆದರೆ ಅದು ಎಷ್ಟೇ ಅಗಲವಾಗಿದ್ದರೂ ಬಲೆ ಒಂದೇ, ನನ್ನ ಕೋಲುಗಳು ಎಷ್ಟೇ ಸಣ್ಣವಾಗಿದ್ದರೂ ಎರಡು. ಈ ಲೆಕ್ಕ ನನ್ನಂಥವನ ತಲೆಗೆ ಹೊಳೆಯುತ್ತಿರಲಿಲ್ಲ, ತಾವು ಕಲಿತವರು.

ಎರಡು ಕೋಲು ಯಾಕೆ ಎಂದು ಬಾಗಲಕೋಟೆಯ ಓದುಗರು ಕೇಳಬಹುದು, ಅವರಿಗಾಗಿ ಹೇಳುತ್ತೇನೆ. ಗೌಸಸಾಬ ನಮ್ಮೂರ ನೇಕಾರ. ಇಳಕಲ್ಲ ಸೀರೆಯ ಕುಣಿಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಆಯುಷ್ಯ ಕಳೆದವನು. ವಾರಕ್ಕೊಮ್ಮೆ ಆ ಕುಣಿಯಿಂದ ಕಾಲು ತೆಗೆದು ನನ್ನ ಸಂಗಡ ಹೊಳೆಯಲ್ಲಿ ಇಡುತ್ತಿದ್ದ. ಈಗ ಅವನ ಮೊಣಕಾಲುಗಳು ಅವನ ಮಾತು ಕೇಳುವುದಿಲ್ಲ. ಬಡಿಗೆ ಊರಿಕೊಂಡು ದಂಡೆಯ ಕರೀ ಬಂಡೆಯವರೆಗೆ ಬರುತ್ತಾನೆ, ನೀರಿಗೆ ಇಳಿದರೆ ಸೆಳವು ಅವನನ್ನು ಎತ್ತಿಕೊಂಡು ಸೀದಾ ಕೂಡಲಸಂಗಮಕ್ಕೆ ಮುಟ್ಟಿಸುತ್ತದೆ. ಆದ್ದರಿಂದ ಕೆಲವು ವರ್ಷಗಳಿಂದ ಅವನ ಕೋಲನ್ನೂ ನಾನೇ ನೀರಿಗೆ ಒಯ್ಯುತ್ತೇನೆ.

ಒಯ್ಯುವ ರೀತಿಯನ್ನೂ ತಿಳಿಸಬೇಕು, ಜೀವರಕ್ಷಣೆಯ ಪ್ರಶ್ನೆ ಇರುವುದರಿಂದ. ಸೀರೆ ನೇಯ್ದು ಉಳಿದ ನೂಲಿನಲ್ಲಿ ಗೌಸ ನನಗೊಂದು ನಡುಪಟ್ಟಿ ನೇಯ್ದು ಕೊಟ್ಟಿದ್ದಾನೆ, ಅದರ ಹಿಂಭಾಗದಲ್ಲಿ ಒಂದು ಕುಣಿಕೆ. ನನ್ನ ಕೋಲು ಕೈಯಲ್ಲಿ, ಅವನದು ಬೆನ್ನ ಹಿಂದೆ ಆ ಕುಣಿಕೆಯಲ್ಲಿ, ಪೊಲೀಸ್ ಜೀಪಿನ ತಂತಿಯ ಹಾಗೆ ತಲೆಯ ಮೇಲೆ ಎದ್ದು ನಿಂತಿರುತ್ತದೆ. ನಾನು ಸೆಳವಿಗೆ ಮುಖ ಮಾಡಿ, ಪಾದ ಎತ್ತದೆ ಕಲ್ಲು ಸವರುತ್ತ ನಡೆಯುತ್ತೇನೆ. ಅವನ ದಾರ ನೀರಿನ ಜೊತೆ ಹಿಂದಕ್ಕೆ ಹರಿದುಹೋಗುತ್ತದೆ, ಅದರ ತುದಿಗೆ ಜೋಳದ ದಂಟಿನ ಬೆಂಡು ತೇಲುತ್ತದೆ. ನನಗೆ ಹಿಂದೆ ಕಣ್ಣಿಲ್ಲ. ಬಂಡೆಯ ಮೇಲೆ ಕುಳಿತ ಗೌಸನಿಗೆ ಆ ಬೆಂಡಿನ ಹೊರತು ಬೇರೇನೂ ಕಾಣುವುದಿಲ್ಲ. “ಬಿತ್ತಲೇ ಅಮಸಿದ್ದಾ, ನಂದು ಬಿತ್ತು! ತಿರಗಬ್ಯಾಡ, ತಿರಗಬ್ಯಾಡ! ಮಗ್ಗಲಾಗ ಕೈ ಹಾಕಿ ಎಳಿ. ಅಯ್ಯ, ನಿನ್ನ ಕೈಯಾಗ ಏನ ತುಂಬೇತಿ, ಅಂಬಲಿ?” ಎಂದು ಅವನು ಕೂಗುವುದು ಆ ದಂಡೆಯ ಹೊಲಗಳಿಗೂ ಕೇಳುತ್ತದೆ. ಒಮ್ಮೆ ಅವಸರದಲ್ಲಿ ತಿರುಗಿದಾಗ ಎರಡೂ ದಾರಗಳು ಜಡೆ ಹೆಣೆದುಕೊಂಡು, ಅವನ ಗಾಳ ನನ್ನ ರುಮಾಲನ್ನು ಹಿಡಿದು ಹೊಳೆಗೆ ಹಾಕಿತು. ರುಮಾಲು ಗಾಳದ ಸಮೇತ ಹೋಯಿತು. “ನನ್ನ ಕೋಲಿಗೆ ಬಿದ್ದೇತಿ, ಸಿಕ್ಕರ ನನಗ ಕೊಡಬೇಕು” ಎಂದ.

ಅವನ ಮಾತು ನ್ಯಾಯದ್ದೇ. ಈ ಹೊಳೆಯಲ್ಲಿ ನಮ್ಮ ಹಿರಿಯರ ಕಾಲದಿಂದ ಒಂದು ಮಾತಿದೆ, ಕೈ ಯಾರದೇ ಇರಲಿ, ಕೋಲು ಯಾರದೋ ಮೀನು ಅವರದು. ಹೀಗಾಗಿ ಬೆನ್ನ ಹಿಂದೆ ಬಿದ್ದದ್ದೆಲ್ಲ ಅವನ ಹೆಂಡತಿ ಶಮಶಾದಬಿಯ ಒಲೆಗೆ, ಮುಂದೆ ಬಿದ್ದದ್ದು ಹನಮವ್ವನ ಒಲೆಗೆ. ಯಾಕೋ ಏನೋ, ಹಿಂದಿನ ಕೋಲಿಗೇ ಹೆಚ್ಚು ಬೀಳುತ್ತದೆ. “ಅವನ ಕೋಲಿಗೆ ಕಣ್ಣು ಅದಾವ, ನಿನ್ನ ಕೋಲಿಗೆ ನೀ ಅದಿ” ಎನ್ನುತ್ತಾಳೆ ನಿಮ್ಮ ಅತ್ತಿ. ಗೌಸ ಬಂಡೆಯ ಮೇಲಿದ್ದರೂ ಮೀನು ಹಿಡಿಯುವವನು ಅವನೇ, ನಾನು ಅವನ ಕಾಲುಗಳು ಮಾತ್ರ ಎಂಬುದು ಇಷ್ಟರಲ್ಲಿ ಓದುಗರಿಗೆ ತಿಳಿದಿರಬೇಕು. ಬೋರ್ಡು ಬರೆಸಿದವರಿಗೆ ತಿಳಿಯಲಿ ಎಂಬುದೊಂದೇ ನನ್ನ ಆಸೆ.

ದೀಪಾವಳಿಗೆ ಮುಂಚೆ ಒಂದು ಮುಂಜಾನೆ ತಮ್ಮ ಸಂಘದ ಕಾವಲುಗಾರ ಮುದಕಪ್ಪ ಸೀಟಿ ಊದುತ್ತ ಬಂದ. ನಾನು ನಡುಮಟ್ಟ ನೀರಿನಲ್ಲಿದ್ದೆ. ಮುದಕಪ್ಪನಿಗೆ ಈಸು ಬರುವುದಿಲ್ಲ, ನೀರು ಕಂಡರೆ ಚಪ್ಪಲಿ ಕೈಯಲ್ಲಿ ಹಿಡಿದು ನಾಲ್ಕು ಮಾರು ಹಿಂದೆ ಸರಿಯುತ್ತಾನೆ, ಮೀನುಗಾರರ ಸಂಘಕ್ಕೆ ಇಂಥವನನ್ನು ಹುಡುಕಿ ತಂದ ತಮ್ಮ ಜಾಣತನಕ್ಕೆ ನಮಸ್ಕಾರ. “ಅಜ್ಜಾರ, ಒಂದ ಕೋಲು ದಂಡಿಗೆ ಒಗೀರಿ! ಆರ್ಡರ್ ಐತಿ!” ಎಂದು ಕೂಗಿದ.

“ಹಿಂದಿಂದು ನಂದಲ್ಲೋ ತಮ್ಮಾ, ಗೌಸಂದು” ಎಂದೆ.

“ಗೌಸಸಾಬ್ರು ದಂಡಿ ಮ್ಯಾಲ ಅದಾರ್ರಿ. ನೀರಾಗ ತಲಿ ಒಂದ, ಕೋಲು ಎರಡು.”

“ಹಂಗಾದ್ರ ನನ್ನ ತಲೀ ಅಷ್ಟ ಒಯ್ದು ನೀರಾಗ ಇಡಪಾ” ಎಂದ ಗೌಸ ಬಂಡೆಯ ಮೇಲಿನಿಂದ. “ಉಳದದ್ದು ಇಲ್ಲೇ ಕುಂತಿರ್ಲಿ, ಅದಕ್ಕ ಮೀನು ಬೇಕಾಗಿಲ್ಲ.”

ಅಷ್ಟರಲ್ಲಿ ಬೆಂಡು ಮುಳುಗಿತು. ಮೊದಲು ಕಂಡವನು ಗೌಸನೂ ಅಲ್ಲ, ಸರಕಾರಿ ದನಿ ಮರೆತು ಕುಣಿಯತೊಡಗಿದ ಮುದಕಪ್ಪ. “ಎಳೀರಿ ಅಜ್ಜಾರ! ಬಾಳಿ ಮೀನ ಐತ್ರಿ! ಬಿಡಬ್ಯಾಡ್ರಿ!” ಎಳೆದೆ. ತೋಳಷ್ಟು ಉದ್ದದ ಬಾಳಿ ಮೀನು ದಂಡೆಗೆ ಬಂತು. ಮುದಕಪ್ಪನೇ ಅದನ್ನು ಗಾಳದಿಂದ ಬಿಡಿಸಿ ಗೌಸನ ಬುಟ್ಟಿಗೆ ಹಾಕಿದ. ಆಮೇಲೆ ಕೈ ಒರೆಸಿಕೊಂಡು, ತಲೆ ತಗ್ಗಿಸಿ, ಕೋಲನ್ನು ಜಪ್ತಿ ಮಾಡಿದ. “ಮೀನಿಂದು ಬೋರ್ಡಿನ್ಯಾಗ ಬರದಿಲ್ರಿ, ಕೋಲಿಂದಷ್ಟ ಬರದೈತಿ. ನಂದೇನ ತಪ್ಪಿಲ್ರಿ ಸಾಬ್ರ” ಎಂದ. ಅವನದು ಏನೂ ತಪ್ಪಿಲ್ಲ, ಅದನ್ನು ನಾನೂ ಬರೆದುಕೊಡುತ್ತೇನೆ.

ಆವತ್ತಿನಿಂದ ಗೌಸ ಬಂಡೆಗೆ ಬಂದಿಲ್ಲ. ಮೊನ್ನೆ ಹೋಗಿ ಕರೆದೆ. ಮಗ್ಗದ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ. “ನೀ ಹೋಗಿ ಬಾ. ನಾ ಬಂದು ಏನ ಮಾಡ್ಲಿ, ನಿನ್ನ ಬೆನ್ನು ನೋಡ್ಲ್ಯಾ?” ಎಂದ. ನಾನು ಒಬ್ಬನೇ ಹೋದೆ. ಒಂದೇ ಕೋಲು, ಬೆನ್ನು ಹಗುರ, ಜೀವಕ್ಕೆ ಪೂರ್ತಿ ರಕ್ಷಣೆ. ಯಾರೂ ಬೈಯಲಿಲ್ಲ. ಬೈಗುಳವಿಲ್ಲದ ಹೊಳೆಯಲ್ಲಿ ಎಷ್ಟು ಹೊತ್ತು ನಿಲ್ಲಲು ಸಾಧ್ಯ ಎಂಬುದು ತಮಗೆ ಗೊತ್ತಿರಲಿಕ್ಕಿಲ್ಲ, ಕಾಲು ಜುಮುಗುಟ್ಟಿ ಬೇಗ ಮೇಲೆ ಬಂದೆ.

ಇದನ್ನೆಲ್ಲ ಎದುರಿಗೇ ಹೇಳೋಣವೆಂದು ಹುನಗುಂದಕ್ಕೂ ಬಂದಿದ್ದೆ. ಮೀನಿನ ಸಂಘದಲ್ಲಿ ತಮ್ಮ ಕುರ್ಚಿಯ ಮೇಲೆ ಒಂದು ಟವೆಲ್ ಇತ್ತು. “ಸಾಹೇಬ್ರು ಈಗ ಬರ್ತಾರ” ಎಂದರು. ಹಾಲಿನ ಸಂಘಕ್ಕೆ ಹೋದೆ, ಅಲ್ಲಿಯೂ ಕುರ್ಚಿ, ಟವೆಲ್, “ಈಗ ಬರ್ತಾರ”. ಕಟ್ಟಡ ಸಮಿತಿಯಲ್ಲಿ ಕಟ್ಟಡವಿನ್ನೂ ಇಲ್ಲ, ಕುರ್ಚಿ ಬಂದಿದೆ, ಅದರ ಮೇಲೆ ಟವೆಲ್ಲೂ ಬಂದಿದೆ. ನೇಕಾರರ ಸಂಘದಲ್ಲಿಯೂ ತಮ್ಮ ಕುರ್ಚಿಯಲ್ಲಿ ಟವೆಲ್ಲೇ ಕುಳಿತು ಮಾರ್ಗದರ್ಶನ ಮಾಡುತ್ತಿತ್ತು. ಬಾಗಲಕೋಟೆಯ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವವರನ್ನು ಕಂಡಿದ್ದೇನೆ, ಒಬ್ಬನೇ ಮನುಷ್ಯ ನಾಲ್ಕು ಬಸ್ಸಿಗೆ ಟವೆಲ್ ಒಗೆದದ್ದನ್ನು ಆವತ್ತೇ ಕಂಡದ್ದು. ಅದಕ್ಕೇ ನನಗೆ ತಮ್ಮ ಬಗ್ಗೆ ಅಪಾರ ಅಭಿಮಾನ. ಎರಡು ಕೋಲು ಹಿಡಿದರೆ ಮನುಷ್ಯ ಜಾರಿ ಬೀಳುತ್ತಾನೆ ಎಂದು ಕಂಡುಹಿಡಿದವರು ತಾವು, ನಾಲ್ಕು ಹಿಡಿದೂ ಜಾರದವರು ತಾವು. ದಯಮಾಡಿ ಆ ವಿದ್ಯೆಯನ್ನು ನಮಗೂ ಕಲಿಸಬೇಕು. ಇಲ್ಲವೇ ಆ ಹಳದಿ ಬೋರ್ಡನ್ನು ಒಂದು ವಾರದ ಮಟ್ಟಿಗೆ ಹೊಳೆಯಿಂದ ಕಿತ್ತು ತಮ್ಮ ಆಫೀಸುಗಳ ಬಾಗಿಲಿಗೆ ಸರದಿಯಂತೆ ನೆಡಿಸಿ ನೋಡಬೇಕು. ಅದೂ ಆಗದಿದ್ದರೆ ಮೀನುಗಳಿಗೇ ಒಂದು ಸುತ್ತೋಲೆ ಕಳಿಸಿ, ದಂಡೆಯ ಮೇಲೆ ಕುಳಿತ ಮೊಣಕಾಲು ನೋವಿನವರ ಬುಟ್ಟಿಗೆ ತಾವಾಗಿಯೇ ಜಿಗಿಯತಕ್ಕದ್ದು ಎಂದು ಆಜ್ಞೆ ಮಾಡಬೇಕು.

ಇವು ಯಾವುವೂ ಆಗಲಾರವು ಎಂದು ನನಗೆ ಗೊತ್ತು. ಆದ್ದರಿಂದ ಆಗುವಂಥ ಒಂದನ್ನು ಕೇಳುತ್ತೇನೆ. ಇಲ್ಲಿಂದ ಮುಂದೆ ‘ತಾವು’ ಎನ್ನಲು ನನ್ನ ಕೈ ಬರುತ್ತಿಲ್ಲ, ಕ್ಷಮಿಸು.

ಕನಕಾ, ನೀನು ಸಣ್ಣವನಾಗಿ ನಮ್ಮ ಮನೆಯಲ್ಲಿದ್ದಾಗ ನಮ್ಮೂರಲ್ಲಿ ಸಾಲಿ ಇರಲಿಲ್ಲ, ಆಚೆ ದಂಡೆಗೆ ಹೋಗಬೇಕಾಗಿತ್ತು. ಮಳೆಗಾಲ ಮುಗಿದು ನೀರು ಎದೆಮಟ್ಟಕ್ಕೆ ಇಳಿದ ದಿನಗಳಲ್ಲಿ ನಿನ್ನನ್ನು ದಾಟಿಸುತ್ತಿದ್ದವನು ಗೌಸ. ನಾನು ಸಣಕಲು, ನನ್ನ ಹೆಗಲು ನಿನಗೆ ಚುಚ್ಚುತ್ತದೆಂದು ನೀನೇ ಅಳುತ್ತಿದ್ದೆ. ಅವನ ಹೆಗಲ ಮೇಲೆ ನೀನು, ನಿನ್ನ ತಲೆಯ ಮೇಲೆ ಪಾಟಿಚೀಲ, ಅವನ ಬಾಯಲ್ಲಿ ನಿನ್ನ ಬುತ್ತಿಗಂಟು. ಒಬ್ಬ ಮನುಷ್ಯ ಇಷ್ಟೆಲ್ಲ ಹೊತ್ತು ನೀರಿಗಿಳಿಯಬಾರದೆಂದು ಆಗ ಯಾರೂ ಬೋರ್ಡು ನೆಟ್ಟಿರಲಿಲ್ಲ. ನೆಟ್ಟಿದ್ದರೆ ನೀನು ಇವತ್ತು ಬೋರ್ಡು ಬರೆಸುವಷ್ಟು ಅಕ್ಷರ ಕಲಿಯುತ್ತಿರಲಿಲ್ಲ.

ನಿನ್ನ ನಿಯಮ ನನಗೆ ಪೂರ್ತಿ ಒಪ್ಪಿಗೆ. ತಲೆಗೊಂದು ಕೋಲು. ನೀರಿನಲ್ಲಿ ಎರಡು ಕೋಲು ಇರಬೇಕಾದರೆ ಎರಡು ತಲೆ ಇರಬೇಕು, ಅಂದರೆ ಗೌಸನ ತಲೆ ನೀರಿಗೆ ಬರಬೇಕು, ಅದರ ಕೆಳಗೆ ಒಂದು ಗಟ್ಟಿ ಹೆಗಲು ಬೇಕು. ನನ್ನದು ಆಗಲೇ ಸಾಲುತ್ತಿರಲಿಲ್ಲ. ನಿನ್ನದು ನಾಲ್ಕು ಸಂಘ ಹೊತ್ತ ಹೆಗಲು. ಬರುವ ಐತವಾರ ಮುಂಜಾನೆ ಬಂದು ಅವನನ್ನು ಹೊತ್ತು ಹೊಳೆಯಲ್ಲಿ ನಿಲ್ಲು. ಬರುವಾಗ ಅವನ ಕೋಲನ್ನು ತಾ. ಕೈಯಲ್ಲಿ ಕೋಲಿಲ್ಲದವನನ್ನು ನಿನ್ನ ನಿಯಮ ಏನೂ ಮಾಡುವುದಿಲ್ಲ, ಮುದಕಪ್ಪನನ್ನು ಕೇಳಿದ್ದೇನೆ.

ಗೌಸನನ್ನೂ ಕೇಳಿದೆ. “ಕನಕ್ಯಾನ ಹೆಗಲ ಮ್ಯಾಲ ಕುಂಡರ್ತೀಯೇನೋ?” ಎಂದೆ. “ಟವೆಲ್ ಇಲ್ಲದ ಜಾಗಾ ಐತೇನು ಮೊದಲ ನೋಡಿ ಬಾ” ಎಂದ. ಹಾಗೆ ಅಂದವನು ಸಂಜೆಯ ಹೊತ್ತಿಗೆ ಹೊಸ ದಾರ ಹೊಸೆದು, ಮೇಣ ಸವರಿ, ಕಟ್ಟೆಯ ಗೂಟಕ್ಕೆ ಒಣಹಾಕಿದ್ದ. ನಾನು ನೋಡಿದೆ ಎಂದು ಅವನಿಗೆ ಗೊತ್ತಿಲ್ಲ.

ತಮ್ಮ ವಿಶ್ವಾಸಿಯೂ, ಸೋದರಮಾವನೂ, ಸದ್ಯಕ್ಕೆ ಒಂದೇ ಕೋಲಿನವನೂ ಆದ
ಅಮಸಿದ್ದಪ್ಪ

ತಾಜಾ ಕಲಂ: ಜಪ್ತಿಯಾದ ಕೋಲನ್ನು ಸಂಘದ ಆಫೀಸಿನಲ್ಲಿ ನಿನ್ನ ಕುರ್ಚಿಯ ಮೇಲ್ಗಡೆ ಗೋಡೆಗೆ ತೂಗುಹಾಕಿದ್ದಾರೆ, ಚೆಂದ ಕಾಣುತ್ತದೆ. ಆದರೆ ದಾರದ ತುದಿಗೆ ಗಾಳ ಹಾಗೆಯೇ ಇದೆ, ಸರಿಯಾಗಿ ಟವೆಲ್ಲಿನ ಮೇಲೆ ನೇತಾಡುತ್ತಿದೆ. ಅದು ಗೌಸನ ಗಾಳ, ಕೆಳಗೆ ಬಂದು ಬಾಯಿ ತೆರೆದವರನ್ನು ಇದುವರೆಗೆ ಬಿಟ್ಟದ್ದಿಲ್ಲ. ಭಾಷಣ ಮಾಡುವ ಮುನ್ನ ಒಮ್ಮೆ ಮೇಲೆ ನೋಡು. ಅಕ್ಕನಿಗೆ ಈ ಪತ್ರವನ್ನು ಓದಿ ಹೇಳು, ನಗುವ ಜಾಗದಲ್ಲಿ ನಗಲು ಬಿಡು. ಮತ್ತು ಬೇಗ ಉತ್ತರ ಬರಿ. ಬಹಳ ಬೇಡ, ಬಲಹೆಗಲೋ ಎಡಹೆಗಲೋ ಅಷ್ಟು ತಿಳಿಸಿದರೆ ಸಾಕು. ಗೌಸ ಕೋಲು ಹಿಡಿಯುವುದು ಬಲಗೈಯಲ್ಲಿ.