ಮಾವನವರಿಗೆ ಕೇಳಿಸಿದ ಎಂಜಿನ್ನು

ಹೆಚ್ಚು ದುಡ್ಡು ಸುರಿದು ಮಾಡಿಸಿದ್ದು ಹೆಚ್ಚು ದಿನ ಬಾಳುತ್ತದೆ ಎಂದು ನಂಬಿದ್ದ ಭೋಳೆ ಮನುಷ್ಯ ನಾನು. ಬನಹಟ್ಟಿಯ ನಮ್ಮ ಮನೆಯ ಮಗ್ಗದ ಮೋಟಾರು ವರ್ಷಗಟ್ಟಲೆ ದುಡಿಯುತ್ತಿದೆ. ಆಗಾಗ ಒಂದಿಷ್ಟು ಗ್ರೀಸು ಬಿಟ್ಟರೆ ಅದು ಏನನ್ನೂ ಕೇಳಿಲ್ಲ. ಆದರೆ ಮಣ್ಣಿನ ಮೈದಾನದ ಬೈಕ್ ರೇಸಿನ ಹುಚ್ಚು ಹಿಡಿದಾಗ, ಕೊಲ್ಲಾಪುರದಲ್ಲಿ ಕೆಲಸ ಕಲಿತು ಜಮಖಂಡಿಯಲ್ಲಿ ಗ್ಯಾರೇಜು ಇಟ್ಟಿದ್ದ ಮೆಕ್ಯಾನಿಕ್ ಉಸ್ತಾದರ ಕೈಗೆ ಹಳೆಯ ಬೈಕಿನ ಎಂಜಿನ್ನನ್ನು ಕೊಟ್ಟು ರೇಸಿಗೆಂದೇ ಕಟ್ಟಿಸಿದೆ. ಉಸ್ತಾದರು ಕೈಯೊರೆಸಿಕೊಳ್ಳುತ್ತ ಹೇಳಿದರು: "ಸಾವ್ಕಾರ್ರ, ಇದು ಓಡಾಕ ಹುಟ್ಟೈತಿ, ಬಾಳಾಕ ಅಲ್ಲ. ನಾಕು ರೇಸ್ ಆದ್ವಂದ್ರ ಪಿಸ್ಟನ್ನು, ರಿಂಗು ಬದಲಿ. ಮತ್ತ ಗಾಡಿ ನಿಂತಲ್ಲೇ ಎಂಜಿನ್ ಜೋರು ಮಾಡಬ್ಯಾಡ್ರಿ, ಗಾಳಿ ಸಿಗದ ಕಾದು ಜಾಮ್ ಆಕ್ಕೈತಿ."

ನಮ್ಮ ಕಡೆ ಮನೆಗೆ ಹೊಸದೇನು ಬಂದರೂ ಬೀಗರು, ನೆಂಟರು ತೆಂಗಿನಕಾಯಿ ಹಿಡಿದು ನೋಡಲು ಬರುತ್ತಾರೆ. ಸೀರೆಯಾದರೆ ಮುಟ್ಟಿ ನೋಡುತ್ತಾರೆ, ಎಮ್ಮೆಯಾದರೆ ಕೆಚ್ಚಲು ನೋಡುತ್ತಾರೆ. ಎಂಜಿನ್ನಿನಲ್ಲಿ ನೋಡುವುದೇನಿದೆ? "ಒಂದೀಟು ಆವಾಜ್ ಕೇಳಸ್ರೆಲಾ" ಎನ್ನುತ್ತಿದ್ದರು. ಬಂದವರನ್ನು ಬರೀ ಚಹಾ ಕುಡಿಸಿ ಕಳಿಸಿದರೆ ಮನೆತನದ ಮರ್ಯಾದೆ ಏನಾಗಬೇಕು? ಹೀಗೆ ಒಂದೂ ರೇಸು ಕಾಣದೆ ಮೊದಲ ಪಿಸ್ಟನ್ನು ಅಂಗಳದಲ್ಲೇ ತೀರಿಕೊಂಡಿತು. ಎರಡನೆಯದನ್ನು ಹಾಕಿಸಿದ ದಿನ ಹೆಂಡತಿ ಶಾಂತವ್ವ, "ಸಾವಳಗಿ ರೇಸಿನ್ಯಾಗ ಇದು ಓಡಲಿಲ್ಲಂದ್ರ ಗುಜರಿಗೆ ಹಾಕ್ತೇನಿ ನೋಡ್ರಿ" ಎಂದಳು. ಒಮ್ಮೆಯಾದರೂ ಓಡಬೇಕೆಂದು ನನ್ನ ಜೀವವೂ ಹಪಹಪಿಸುತ್ತಿತ್ತು.

ರೇಸಿನ ದಿನ ಬೆಳಿಗ್ಗೆಯೇ ಬೀಳಗಿಯಿಂದ ಮಾವನವರು ಬಂದಿಳಿದರು. ಅಳಿಯನ ಎಂಜಿನ್ನು ಕೇಳಲೆಂದೇ ಮೊದಲ ಬಸ್ಸು ಹಿಡಿದಿದ್ದರು. ಅವರಿಗೆ ಕಿವಿ ತುಸು ಮಂದ. ನಾನು ಕಿಕ್ ಹೊಡೆದೆ. ಓಣಿಯ ನಾಯಿಗಳೆಲ್ಲ ಕಾಲಿಗೆ ಬುದ್ಧಿ ಹೇಳಿದವು.

"ಚಾಲೂ ಮಾಡ್ರಿ ಅಳಿಯಂದ್ರ" ಎಂದರು ಮಾವನವರು.

"ಆಗೇತ್ರೀ ಮಾವಾರ!" ಎಂದು ಕೂಗಿ ಎಕ್ಸಿಲರೇಟರ್ ಇನ್ನಷ್ಟು ತಿರುವಿದೆ. ಅವರು ಕಿವಿಗೆ ಕೈ ಆನಿಸಿಕೊಂಡು ಕಾಯುತ್ತಲೇ ಇದ್ದರು. ಉಸ್ತಾದರ ಮಾತು ನನಗೆ ನೆನಪಿತ್ತು. ಆದರೆ ಹೆಣ್ಣು ಕೊಟ್ಟ ಮಾವ ಉಸ್ತಾದರಿಗಿಂತ ದೊಡ್ಡವರಲ್ಲವೆ? ಪೂರ್ತಿ ತಿರುವಿಬಿಟ್ಟೆ. ಎಂಜಿನ್ನು 'ಖಟ್' ಎಂದು ನಿಂತಿತು. ಕಿಕ್ಕರಿನ ಮೇಲೆ ಎದ್ದು ನಿಂತರೂ ಅಲುಗಲಿಲ್ಲ. ನನಗೆ ಅಳುವೇ ಬಂತು.

"ಇನ್ನೂ ಚಾಲೂ ಆಗವಲ್ದೇನು?" ಎಂದು ಮಾವನವರು ಮೋರೆ ಸಣ್ಣದು ಮಾಡಿದರು.

ಬಾಗಿಲಲ್ಲಿ ನಿಂತಿದ್ದ ಶಾಂತವ್ವ, "ಅಪ್ಪ ಅಷ್ಟು ದೂರದಿಂದ ಬಂದಾನ್ರಿ, ಏನರ ಮಾಡ್ರಿ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಸತ್ತ ಎಂಜಿನ್ನಿನ ಗಾಡಿ ಹತ್ತಿ ಕೂತು, ಕೈ ತಿರುವುತ್ತ, ಮಾವನವರ ಕಿವಿಯತ್ತ ಬಾಗಿ ಗಂಟಲು ಹರಿಯುವಂತೆ "ಡರ್ರ್ರ್ರ್" ಎಂದೆ.

ಮಾವನವರ ಮುಖ ಅರಳಿತು. "ಹಾಂ, ಈಗ ಕೇಳ್ತ ನೋಡ್ರಿ! ಭಾಳ ಛಲೋ ಐತಿ. ಇದನ್ನ ರೇಸಿಗೆ ಒಯ್ರಿ."