ಮೊಮ್ಮಗಳ ಕೆಂಪು ಹನಿಗಳೂ ನನ್ನ ವೈದ್ಯವೂ

ನಮ್ಮ ಹರಿಹರದ ಓಣ್ಯಾಗೆ ಯಾರ ಮೈಮೇಲಾದ್ರೂ ಒಂದು ಗುಳ್ಳೆ ಎದ್ದರೆ ಸಾಕು, ಮನೆಮನೆಗೊಬ್ಬ ಡಾಕ್ಟರು ಎದ್ದು ಕೂಡ್ತಾರೆ. ಈ ಸಲ ಮೊದಲು ಎದ್ದಾಕಿ ನಾನೇ.

ಬೇವಿನ ಸೊಪ್ಪು

ಮೊಮ್ಮಗಳು ದಾವಣಗೆರೆ ವಿದ್ಯಾನಗರದ ಹಾಸ್ಟೆಲಿನಾಗೆ ಇದ್ದು ಓದ್ತಾಳೆ. ಒಂದಿನ ಗಂಟುಮೂಟೆ ಸಮೇತ ಬಂದಳು. ಮೈತುಂಬ ಕುಂಕುಮದ ನೀರು ಚಿಮುಕಿಸಿದಂಗೆ ಕಲೆ. "ರೂಮಿನ ಹುಡುಗ್ಯಾರು ನನ್ನ ಹತ್ರ ಸುಳಿಯಲ್ಲ ಅಜ್ಜಿ. ಇನ್ನು ಕಾಲೇಜಿಗೇ ಹೋಗಲ್ಲ" ಅಂತ ಒಂದೇ ಅಳು.

ನಾನು "ಅಮ್ಮ ಎದ್ದಾಳೆ" ಅಂದವಳೇ ಬಾಗಿಲಿಗೆ ಬೇವು ಸಿಗಿಸಿದೆ. ಒಗ್ಗರಣೆ ಬಂದ್. ಮನೆಮಂದಿಗೆಲ್ಲ ಬರೀ ಮೊಸರನ್ನ. ನಾಲ್ಕನೇ ದಿನ ಮಗ ತಾಟು ಸರಿಸಿ, "ಅವ್ವಾ, ಎದ್ದಿರೋದು ಅವಳಿಗೆ. ಪಥ್ಯ ನನಗ್ಯಾಕ?" ಅಂದ.

ಡಾಕ್ಟರಮ್ಮ

ದಾವಣಗೆರೆಯ ಚರ್ಮದ ಡಾಕ್ಟರಮ್ಮ ನೋಡಿ, "ಹದಿನೈದು ದಿನದ ಹಿಂದೆ ಗಂಟಲು ನೋವಿತ್ತಾ?" ಅಂದ್ರು. ಇತ್ತು.

"ಇದು ಗಟ್ಟೇಟ್ ಸೋರಿಯಾಸಿಸ್ ಅಜ್ಜಿ, ಮೈಮೇಲೆ ಹನಿಹನಿಯಾಗಿ ಕೆಂಪು ಕಲೆ ಏಳೋ ಚರ್ಮದ ತೊಂದರೆ. ಗಂಟಲ ಸೋಂಕಿನ ಬೆನ್ನಿಗೆ ಬರುತ್ತೆ. ಅಂಟೋದಿಲ್ಲ. ಬಹಳ ಮಂದಿಗೆ ಕೆಲವು ತಿಂಗಳಲ್ಲಿ ಇಳಿಯುತ್ತೆ. ಕೆರಕೋಬಾರದು, ಚರ್ಮ ಒಣಗಬಾರದು, ಮುಲಾಮು ತಪ್ಪಿಸಬಾರದು. ಬೆಳಗಿನ ಬಿಸಿಲು ಸ್ವಲ್ಪ ಹೊತ್ತು ಸಾಕು. ಮನೇಲಿ ಏನು ಮಾಡಿದ್ರಿ?"

"ಬಾಗಿಲಿಗೆ ಬೇವು ಕಟ್ಟೀನ್ರಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಬಾಗಿಲಿಗೇನೂ ಆಗಿಲ್ಲ ಬಿಡಿ" ಅಂದ್ರು.

ಮಾಳಿಗೆ ಮೇಲೆ

ಬಿಸಿಲಿಗೆ ಅಂತ ಮಾಳಿಗೆ ಮೇಲೆ ಸಂಡಿಗೆ ಪಕ್ಕದಾಗೇ ಅವಳನ್ನ ಕೂಡಿಸಿದೆ. ಹೆಂಗೂ ಕಾಗೆ ಓಡಿಸಾಕೆ ಒಬ್ಬರು ಬೇಕಲ್ಲ! ಎದುರು ಮನೆಯಾಕಿ, "ಏನವ್ವಾ, ಈ ಸಲ ಸಂಡಿಗೆ ಭಾಳ ದೊಡ್ಡದು ಹಾಕೀಯಲ್ಲ" ಅಂತ ಕೂಗಿದಳು. ನಾನು ಮೇಲೆ ಹೋದೆ. ಮೊಮ್ಮಗಳು ಕೈಗೆ ಮುಲಾಮು ತಿಕ್ಕೊಂತ, "ಅಜ್ಜಿ, ಒಣಗಬೇಕಾಗಿರೋದು ಅವು. ನನ್ನ ಮಗುಚಿ ಹಾಕಾಕೆ ಬರಬ್ಯಾಡ" ಅಂದಳು. ಎಷ್ಟು ದಿನದ ಮೇಲೆ ನಕ್ಕಿದ್ಲೋ ಹುಡುಗಿ!

ಅಂಟಿದ್ದು

ಕಲೆ ಮಾಸಾಕೆ ಹತ್ತಿದ್ರೂ ಹಾಸ್ಟೆಲ್ ಅಂದ್ರೆ ಒಲ್ಲೆ ಅಂತಾಳೆ. ಓದು ಕೆಟ್ಟೀತು ಅಂತ ಕೈ ಹಿಡಿದು ಬಸ್ಸು ಹತ್ತಿಸಿ, ನಾನೂ ಹಾಸ್ಟೆಲಿಗೆ ಹೋದೆ. ವಾರ್ಡನ್ ಮೇಡಂ ಡಾಕ್ಟರ ಚೀಟಿ ಓದಿ, "ಅಂಟಲ್ಲ ಅಂತ ಬರೆದಾರೆ, ಆದ್ರೂ..." ಅಂತ ರಾಗ ಎಳೆದ್ರು. ಅವರ ಬೆನ್ನ ಹಿಂದೆ ರೂಮಿನ ಹುಡುಗ್ಯಾರು ಇಣುಕ್ತಿದ್ರು.

"ನೋಡ್ರಿ ಮೇಡಂ, ಒಂದು ತಿಂಗಳು ಇವಳ ಕೂಡ ಒಂದೇ ಹಾಸಿಗ್ಯಾಗೆ ಮಲಗೀನಿ, ಒಂದೇ ತಾಟಿನಾಗೆ ಉಂಡೀನಿ. ಸುಳ್ಳು ಯಾಕ ಹೇಳ್ಲಿ, ಇವಳಿಂದ ನನಗೊಂದು ರೋಗ ಅಂಟೈತೆ."

ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದ್ರು. "ಏನಜ್ಜಿ ಅದು?"

"ಮೊಬೈಲ್ ಹುಚ್ಚು. ರೀಲ್ಸ್ ನೋಡಲಿಲ್ಲ ಅಂದ್ರೆ ಉಂಡಿದ್ದು ಅರಗಲ್ಲ."

ಹುಡುಗ್ಯಾರು ಗೊಳ್ ಅಂದ್ರು. ಒಬ್ಬಾಕಿ ಓಡಿ ಬಂದು ಮೊಮ್ಮಗಳ ಹೆಗಲಿಗೆ ಕೈ ಹಾಕಿದಳು. ವಾರ್ಡನ್ ಮೇಡಂ ತಮ್ಮ ಕೈಯಾಗಿನ ಮೊಬೈಲು ಮೆಲ್ಲಗೆ ಸೆರಗಿನ ಹಿಂದೆ ಸರಿಸಿ, "ಆ ರೋಗ ಇಲ್ಲಿ ಎಲ್ಲರಿಗೂ ಐತೆ, ಒಳಗೆ ಬರ್ರಿ ಅಜ್ಜಿ" ಅಂದ್ರು.